ಬಿರುಗಾಳಿ ಹೋದ ಮೇಲೆ ಉಳಿಯುವ ಉಪ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬಾಂಗ್ಲಾದೇಶದ ನೈಋತ್ಯ ಕರಾವಳಿಯ ಬಗ್ಗೆ ಒಂದು ಲೇಖನ ಪ್ರಕಟವಾಗಿತ್ತು. ಖುಲ್ನಾ ಮತ್ತು ಸಾತ್ಖೀರಾ ಜಿಲ್ಲೆಗಳ ಜನ ಏರುತ್ತಿರುವ ಸಮುದ್ರ, ಮೇಲಿಂದ ಮೇಲೆ ಬರುವ ಚಂಡಮಾರುತ ಮತ್ತು ಹೊಲಕ್ಕೆ ನುಗ್ಗುವ ಉಪ್ಪುನೀರಿನ ನಡುವೆ ಹೇಗೆ ಬದುಕುತ್ತಿದ್ದಾರೆ ಎಂಬುದು ಅದರ ವಿಷಯ. ಲೇಖನ ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹವಾಮಾನ ಬದಲಾವಣೆಗೂ ಬಡ ದೇಶಗಳ ಜನರ ಭದ್ರತೆಗೂ ಇರುವ ಸಂಬಂಧವನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಹವಾಮಾನ ಬದಲಾವಣೆ ಪರಿಸರಕ್ಕೆ ಸಂಬಂಧಿಸಿದ್ದು. ಅದನ್ನು ‘ಭದ್ರತೆ’ಯ ಪ್ರಶ್ನೆ ಎಂದು ಕರೆಯುವುದು ಉತ್ಪ್ರೇಕ್ಷೆಯಲ್ಲವೇ? — ತುಮಕೂರಿನ ಓದುಗರು

ಭದ್ರತೆ ಎಂದೊಡನೆ ಗಡಿ, ಸೈನ್ಯ, ಶಸ್ತ್ರಾಸ್ತ್ರಗಳು ನೆನಪಾಗುವುದರಿಂದ ನಿಮಗೆ ಹಾಗೆ ಅನ್ನಿಸಿರುವುದು ಸಹಜ. ಆದರೆ 1994ರ ಮಾನವ ಅಭಿವೃದ್ಧಿ ವರದಿಯನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ ರೂಪಿಸಿದ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮತ್ತು ಅವರ ಸಂಗಡಿಗರು ಬೇರೊಂದು ಕಡೆಯಿಂದ ಈ ವಿಷಯವನ್ನು ನೋಡಿದರು. ದೇಶದ ಗಡಿ ಭದ್ರವಾಗಿದ್ದರೂ ಆ ಗಡಿಯೊಳಗಿನ ಮನುಷ್ಯನಿಗೆ ನಾಳೆಯ ಊಟ, ದುಡಿಮೆ, ಆರೋಗ್ಯ, ಮನೆಯ ಸೂರು ಯಾವುದರ ಖಾತರಿಯೂ ಇಲ್ಲದಿದ್ದರೆ ಅವನನ್ನು ಸುರಕ್ಷಿತನೆಂದು ಹೇಗೆ ಕರೆಯುವುದು ಎಂಬುದು ಅವರ ಪ್ರಶ್ನೆಯಾಗಿತ್ತು. ಆರ್ಥಿಕತೆ, ಆಹಾರ, ಆರೋಗ್ಯ, ಪರಿಸರ, ವೈಯಕ್ತಿಕ ಸುರಕ್ಷೆ, ಸಮುದಾಯ ಮತ್ತು ರಾಜಕೀಯ ಎಂಬ ಏಳು ಮುಖಗಳನ್ನು ಆ ವರದಿ ಗುರುತಿಸಿತು. ಹವಾಮಾನ ಬದಲಾವಣೆ ಈ ಏಳರಲ್ಲಿ ಬರೀ ಒಂದನ್ನು ತಟ್ಟಿ ಸುಮ್ಮನಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಅದಕ್ಕಾಗಿಯೇ ವಿಜ್ಞಾನಿಗಳ ಅಧ್ಯಯನಗಳನ್ನು ಪರಿಶೀಲಿಸಿ ವರದಿ ಕೊಡುವ, ವಿಶ್ವಸಂಸ್ಥೆಯ ಆಶ್ರಯದ ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯು (ಐಪಿಸಿಸಿ) 2014ರ ತನ್ನ ವರದಿಯಲ್ಲಿ ಮಾನವ ಭದ್ರತೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿತು.

ಅದೇ ಸಮಿತಿಯ 2022ರ ವರದಿಯ ಎರಡು ಅಂಕಿಗಳನ್ನು ಗಮನಿಸಿ. ಜಗತ್ತಿನ 330ರಿಂದ 360 ಕೋಟಿ ಜನ ಹವಾಮಾನ ಬದಲಾವಣೆಯ ಹೊಡೆತಕ್ಕೆ ಸುಲಭವಾಗಿ ಸಿಲುಕುವ ಪರಿಸ್ಥಿತಿಯಲ್ಲಿ ಬದುಕುತ್ತಿದ್ದಾರೆ. 2010ರಿಂದ 2020ರ ನಡುವೆ ನೆರೆ, ಬರ ಮತ್ತು ಬಿರುಗಾಳಿಗಳಿಂದ ಸತ್ತವರ ಪ್ರಮಾಣ ಇಂಥ ಪ್ರದೇಶಗಳಲ್ಲಿ ಸುಭದ್ರ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚಾಗಿತ್ತು. ಈ ಅಂತರಕ್ಕೆ ಗಾಳಿಯ ವೇಗವೊಂದೇ ಕಾರಣವಾಗಿರಲಾರದು. ಯಾರ ಮನೆಗೆ ಗಟ್ಟಿ ಗೋಡೆಯಿದೆ, ಯಾರಿಗೆ ಮುನ್ಸೂಚನೆ ತಲುಪುತ್ತದೆ, ಬೆಳೆ ಹೋದ ವರ್ಷ ಯಾರ ಕೈಯಲ್ಲಿ ನಾಲ್ಕು ಕಾಸು ಉಳಿದಿರುತ್ತದೆ ಎಂಬುದು ಸಾವು ಬದುಕುಗಳನ್ನು ತೀರ್ಮಾನಿಸುತ್ತಿದೆ ಎಂದಾದ ಮೇಲೆ ಇದನ್ನು ಭದ್ರತೆಯ ಪ್ರಶ್ನೆ ಎನ್ನುವುದರಲ್ಲಿ ಉತ್ಪ್ರೇಕ್ಷೆ ನನಗೆ ಕಾಣುವುದಿಲ್ಲ.

ಬಾಂಗ್ಲಾದೇಶದಲ್ಲಿ ಚಂಡಮಾರುತಕ್ಕೆ ಬಲಿಯಾಗುವವರ ಸಂಖ್ಯೆ ಈಗ ಬಹಳ ಇಳಿದಿದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅಲ್ಲಿಯ ಜನ ಮೊದಲಿಗಿಂತ ಸುರಕ್ಷಿತರಾಗಿದ್ದಾರೆ ಎಂದಲ್ಲವೇ? — ಮಂಗಳೂರಿನ ಓದುಗರು

ಸಾವಿನ ಸಂಖ್ಯೆ ಇಳಿದಿರುವುದು ನಿಜ, ಮತ್ತು ಅದೊಂದು ಅಸಾಧಾರಣ ಸಾಧನೆ. 1970ರ ನವೆಂಬರ್‌ನಲ್ಲಿ ಭೋಲಾ ದ್ವೀಪವನ್ನೂ ಸುತ್ತಲಿನ ಕರಾವಳಿಯನ್ನೂ ಅಪ್ಪಳಿಸಿದ ಚಂಡಮಾರುತದಲ್ಲಿ ಕಡಿಮೆಯೆಂದರೂ 3 ಲಕ್ಷ ಜನ ಸತ್ತರು. 1991ರ ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿಯಲ್ಲಿ ಸುಮಾರು 1,38,000 ಜನ ಪ್ರಾಣ ಕಳೆದುಕೊಂಡರು. 2007ರ ಸಿಡ್ರ್ ಚಂಡಮಾರುತ ಅತ್ಯಂತ ಪ್ರಬಲವಾಗಿದ್ದರೂ ಸತ್ತವರ ಸಂಖ್ಯೆ ಸುಮಾರು 3,400ಕ್ಕೆ ಇಳಿದಿತ್ತು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿಯೇ, ಅಂಫಾನ್ ಬಂದಾಗ ಆ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಆಶ್ರಯತಾಣಗಳಿಗೆ ಸಾಗಿಸಿತು. ಅಲ್ಲಿ ಸತ್ತವರು ಮೂವತ್ತಕ್ಕಿಂತ ಕಡಿಮೆ.

ಇದು ತಾನಾಗಿ ಆದದ್ದಲ್ಲ. ಭೋಲಾ ದುರಂತದ ನಂತರ, 1970ರ ದಶಕದ ಆರಂಭದಲ್ಲಿ, ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮವನ್ನು ಕಟ್ಟಿದವು. ಇಂದು ಅದರಲ್ಲಿ ಸುಮಾರು 76,000 ಸ್ವಯಂಸೇವಕರಿದ್ದಾರೆ. ಗಾಳಿಯ ಸುದ್ದಿ ಬಂದೊಡನೆ ಊರ ಎತ್ತರದ ಕಂಬಕ್ಕೆ ಬಾವುಟ ಏರಿಸುವುದು, ಮೆಗಾಫೋನ್ ಹಿಡಿದು ಮನೆಮನೆಯ ಮುಂದೆ ಕೂಗುವುದು, ಮುದುಕರನ್ನೂ ಬಸುರಿಯರನ್ನೂ ಕೈಹಿಡಿದು ಕರೆದೊಯ್ಯುವುದು ಅವರ ಕೆಲಸ. 1991ರಲ್ಲಿ ಗಂಡಸರಿಗಿಂತ ಹೆಂಗಸರು ಹಲವು ಪಟ್ಟು ಹೆಚ್ಚು ಸತ್ತಿದ್ದರು. ಗಂಡಸರಿಲ್ಲದೆ ಮನೆ ಬಿಟ್ಟು ಹೊರಡಲು ಹಿಂಜರಿದವರು, ಅಪರಿಚಿತ ಗಂಡಸರ ನಡುವೆ ಆಶ್ರಯತಾಣದಲ್ಲಿ ರಾತ್ರಿ ಕಳೆಯಲು ಅಂಜಿದವರು, ಮಕ್ಕಳನ್ನು ಎತ್ತಿಕೊಂಡು ಸೀರೆಯಲ್ಲಿ ಓಡಲಾರದೆ ಹೋದವರು ಅವರಲ್ಲಿದ್ದರು. ಈಗ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು. ಹೊಸ ಆಶ್ರಯತಾಣಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಕೋಣೆಗಳಿವೆ, ಹಲವೆಡೆ ದನಕರುಗಳಿಗೂ ಜಾಗವಿದೆ. ಏಕೆಂದರೆ ಇರುವ ಒಂದೇ ಹಸುವನ್ನು ನೀರಿಗೆ ಬಿಟ್ಟು ಬರಲು ಒಪ್ಪದೆ ಮನೆಯಲ್ಲೇ ಉಳಿದು ಸತ್ತವರೂ ಇದ್ದರು. ಬಡ ದೇಶವೊಂದು ತನ್ನ ಜನರ ಸಂಘಟನೆಯಿಂದಲೇ ಏನನ್ನು ಸಾಧಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ.

ಆದರೂ ನಿಮ್ಮ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಲು ಮನಸ್ಸು ಒಪ್ಪುವುದಿಲ್ಲ. ಬಿರುಗಾಳಿಯ ರಾತ್ರಿ ಬದುಕಿ ಉಳಿದವರ ಮುಂದಿನ ವರ್ಷಗಳನ್ನು ಸಾವಿನ ಪಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2009ರ ಮೇ 25ರಂದು ಬಂದ ಐಲಾ ಚಂಡಮಾರುತವನ್ನು ನೋಡೋಣ. ಗಾಳಿಯ ಬಲದಲ್ಲಿ ಅದು ಸಿಡ್ರ್‌ಗೆ ಸಮನಲ್ಲ. ಬಾಂಗ್ಲಾದೇಶದಲ್ಲಿ ಸತ್ತವರು ಸುಮಾರು 190 ಜನ. ಆದರೆ ಖುಲ್ನಾ ಜಿಲ್ಲೆಯ ದಾಕೋಪ್ ತಾಲ್ಲೂಕಿನಲ್ಲಿ, 32ನೆಯ ಪೋಲ್ಡರ್ ಎಂದು ಕರೆಯಲಾಗುವ, ಸುತ್ತಲೂ ಮಣ್ಣಿನ ಒಡ್ಡು ಕಟ್ಟಿದ ದ್ವೀಪದಲ್ಲಿ ಒಡ್ಡು ಹಲವು ಕಡೆ ಒಡೆಯಿತು. ಒಡೆದ ಬಾಯಿಗಳನ್ನು ಮುಚ್ಚಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅಷ್ಟು ಕಾಲವೂ ದಿನಕ್ಕೆ ಎರಡು ಸಲ ಭರತದ ನೀರು ಊರೊಳಗೆ ನುಗ್ಗಿ ಇಳಿಯುತ್ತಿತ್ತು. ಮನೆಯ ಜಗಲಿ, ಗದ್ದೆ, ಶಾಲೆ ಎಲ್ಲವೂ ನೀರಿನಡಿ ಇದ್ದುದರಿಂದ ಸಾವಿರಾರು ಕುಟುಂಬಗಳು ಒಡ್ಡಿನ ಬೆನ್ನ ಮೇಲೆಯೇ ಗುಡಿಸಲು ಹಾಕಿಕೊಂಡವು.

ನೀರು ಇಳಿದ ಮೇಲೂ ಉಪ್ಪು ಉಳಿಯಿತು. ಭತ್ತ ಬರಲಿಲ್ಲ, ಹುಲ್ಲಿಲ್ಲದೆ ದನ ಮಾರಬೇಕಾಯಿತು, ಹಿತ್ತಲ ಹಣ್ಣಿನ ಮರಗಳು ಒಣಗಿದವು, ಕುಡಿಯುವ ನೀರಿನ ಕೊಳಗಳು ಕೆಟ್ಟವು. ಈ ಸೀಮೆಯಲ್ಲಿ ಬೇಸಿಗೆಯಲ್ಲಿ ಸಿಹಿನೀರಿಗಾಗಿ ಹೆಂಗಸರು ಮತ್ತು ಹುಡುಗಿಯರು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವುದು ಇಂದಿಗೂ ನಿತ್ಯದ ಮಾತು. ನಡೆಯಲಾಗದ ದಿನ ಉಪ್ಪು ನೀರನ್ನೇ ಕುಡಿಯುತ್ತಾರೆ. ಇದೇ ದಾಕೋಪ್‌ನಲ್ಲಿ ನಡೆದ ವೈದ್ಯಕೀಯ ಅಧ್ಯಯನಗಳು ಕುಡಿಯುವ ನೀರಿನ ಉಪ್ಪಿನಂಶಕ್ಕೂ ಬಸುರಿಯರ ರಕ್ತದೊತ್ತಡಕ್ಕೂ ಸಂಬಂಧವಿರುವುದನ್ನು, ಒಣ ಹವೆಯ ತಿಂಗಳುಗಳಲ್ಲಿ ಆ ತೊಂದರೆ ಹೆಚ್ಚುವುದನ್ನು ತೋರಿಸಿವೆ. ಗಂಡಸರು ಇಟ್ಟಿಗೆ ಗೂಡುಗಳಿಗೆ, ಖುಲ್ನಾ ಮತ್ತು ಢಾಕಾ ನಗರಗಳ ರಿಕ್ಷಾ ತುಳಿಯುವ ಕೆಲಸಕ್ಕೆ ಹೋಗುತ್ತಾರೆ. ಸಾಲದ ಕಂತು ಕಟ್ಟಲಾಗದ, ಮಗಳನ್ನು ಒಡ್ಡಿನ ಮೇಲಿನ ಗುಡಿಸಲಿನಲ್ಲಿ ಕಾಯಲಾಗದ ತಂದೆತಾಯಿ ಅವಳ ಮದುವೆಯನ್ನು ಬೇಗ ಮುಗಿಸಿಬಿಡುತ್ತಾರೆ. ಮಣ್ಣಿನ ಒಂದು ಒಡ್ಡು ಒಡೆದದ್ದರಿಂದ ಆಹಾರ, ಆರೋಗ್ಯ, ದುಡಿಮೆ, ಶಿಕ್ಷಣ, ಹುಡುಗಿಯ ಬಾಲ್ಯ ಇವೆಲ್ಲವೂ ಒಂದರ ಹಿಂದೊಂದು ಕೈತಪ್ಪುತ್ತವೆ; ಯಾವ ಚಂಡಮಾರುತದ ವರದಿಯಲ್ಲಿಯೂ ಇವು ಸಾವುನೋವುಗಳ ಸಾಲಿನಲ್ಲಿ ಬರುವುದಿಲ್ಲ.

ಅಲ್ಲಿ ಉಪ್ಪುನೀರು ಬಂದಿರುವುದು ಸೀಗಡಿ ಸಾಕುವವರಿಂದ ಎಂದು ಕೇಳಿದ್ದೇನೆ. ಅಳಿವೆಯ ಉಪ್ಪುನೀರಿನ ಅಂಚಿನಲ್ಲಿ ಕಗ್ಗ ಭತ್ತ ಬೆಳೆಯುವ ನಮ್ಮ ಕಡೆಯ ಗಜನಿ ಭೂಮಿಯಲ್ಲಿಯೂ ಅದನ್ನು ನೋಡಿದ್ದೇವೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯೇ? — ಕುಮಟಾದ ಓದುಗರು

ಸರಿಯಲ್ಲ. ನಿಮ್ಮ ಊರ ಬಳಿಯ ಅಘನಾಶಿನಿ ನದಿಯ ಅಳಿವೆಯನ್ನು ಕಂಡವರಿಗೆ ಈ ಸಂಶಯ ಬರಲೇಬೇಕು, ಆದ್ದರಿಂದ ನಿಮ್ಮ ಪತ್ರಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಬಾಂಗ್ಲಾದೇಶದ ಕರಾವಳಿಯಲ್ಲಿ 1960ರ ದಶಕದಿಂದ ಕಟ್ಟಲಾದ 139 ಪೋಲ್ಡರ್‌ಗಳ ಉದ್ದೇಶ ಉಪ್ಪುನೀರನ್ನು ತಡೆದು ಭತ್ತ ಬೆಳೆಯುವುದು. ಮೊದಲ ವರ್ಷಗಳಲ್ಲಿ ಬೆಳೆ ಚೆನ್ನಾಗಿಯೇ ಬಂತು. ಆದರೆ ಭರತದ ನೀರಿನೊಡನೆ ಬಂದು ಗದ್ದೆಯಲ್ಲಿ ಕೂರುತ್ತಿದ್ದ ಹೂಳನ್ನೂ ಒಡ್ಡು ತಡೆಯಿತು. ಒಳಗಿನ ನೆಲ ಏರದೆ ಕುಸಿಯುತ್ತ ಹೋಯಿತು, ಹೊರಗಿನ ನದಿಯ ತಳ ಹೂಳು ತುಂಬಿ ಏರಿತು. 32ನೆಯ ಪೋಲ್ಡರ್‌ನ ನೆಲ ಇಂದು ಪಕ್ಕದ ಸುಂದರಬನದ ನೆಲಕ್ಕಿಂತ ಒಂದು ಮೀಟರಿಗೂ ಕೆಳಗಿದೆ. 1975ರಲ್ಲಿ ಭಾರತ ಫರಕ್ಕಾ ಬ್ಯಾರೇಜ್ ಆರಂಭಿಸಿದ ಮೇಲೆ ಬೇಸಿಗೆಯಲ್ಲಿ ಗಂಗೆಯ ಸಿಹಿನೀರು ಆ ಕಡೆ ಹರಿಯುವುದು ಕಡಿಮೆಯಾಗಿ ಉಪ್ಪು ಇನ್ನಷ್ಟು ಒಳನಾಡಿಗೆ ಏರಿತು. ಇದನ್ನು ಹೇಳುವಾಗ ಭಾರತೀಯರಾದ ನಾವು ಮುಜುಗರಪಟ್ಟುಕೊಂಡು ಬಿಟ್ಟುಬಿಡಬಾರದು. 1980ರ ದಶಕದಿಂದ ರಫ್ತಿನ ಸೀಗಡಿಗಾಗಿ ಬಲಾಢ್ಯರು ಒಡ್ಡಿಗೆ ಕೊಳವೆ ತೂರಿಸಿ, ಒಡ್ಡನ್ನು ಕಡಿದು, ಬೇಕೆಂದೇ ಉಪ್ಪುನೀರನ್ನು ಗದ್ದೆಗೆ ತಂದರು. ಸಣ್ಣ ರೈತನಿಗೆ ಒಪ್ಪಿಗೆ ಇದೆಯೇ ಎಂದು ಕೇಳುವವರು ಇರಲಿಲ್ಲ. 1990ರ ನವೆಂಬರ್‌ನಲ್ಲಿ ಖುಲ್ನಾ ಜಿಲ್ಲೆಯ ಪಾಯಿಕ್‌ಗಾಛಾದ 22ನೆಯ ಪೋಲ್ಡರ್‌ನಲ್ಲಿ ಇದನ್ನು ವಿರೋಧಿಸಿ ಮೆರವಣಿಗೆಯ ಮುಂದೆ ನಿಂತ ಕರುಣಾಮಯಿ ಸರ್ದಾರ್ ಎಂಬ ಭೂಹೀನ ಮಹಿಳೆಯ ಕೊಲೆಯಾಯಿತು. ಆ ಪೋಲ್ಡರ್ ಮುಂದೆಯೂ ಸೀಗಡಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪ್ರತಿ ವರ್ಷ ಜನ ಅವರನ್ನು ಸ್ಮರಿಸುತ್ತಾರೆ.

ಇಷ್ಟೆಲ್ಲ ಆದ ಮೇಲೆ, ಈ ದುರ್ಬಲಗೊಂಡ ನೆಲದ ಮೇಲೆ, ಸಮುದ್ರದ ಮಟ್ಟ ಏರುತ್ತಿದೆ ಮತ್ತು ಬಂಗಾಳ ಕೊಲ್ಲಿಯ ನೀರು ಬಿಸಿಯಾಗುತ್ತಿದೆ. ಹವಾಮಾನ ಬದಲಾವಣೆ ಹೆಚ್ಚಿನ ಕಡೆ ಕೆಲಸ ಮಾಡುವುದು ಹೀಗೆಯೇ: ಅನ್ಯಾಯ, ತಪ್ಪು ಯೋಜನೆ, ಬಡತನಗಳು ಮೊದಲೇ ಸಡಿಲಗೊಳಿಸಿದ ಜಾಗದಲ್ಲಿ ಅದರ ಪೆಟ್ಟು ಬೀಳುತ್ತದೆ. ಎಲ್ಲವೂ ಹವಾಮಾನದಿಂದ ಎಂದರೆ ಒಡ್ಡು ಕಡಿದವನೂ ಅದನ್ನು ಕಂಡು ಸುಮ್ಮನಿದ್ದ ಅಧಿಕಾರಿಯೂ ಹೊಣೆಯಿಂದ ಪಾರಾಗುತ್ತಾರೆ. ಎಲ್ಲವೂ ಸ್ಥಳೀಯ ದುರಾಸೆಯಿಂದ ಎಂದರೆ ಶತಮಾನಕ್ಕೂ ಹೆಚ್ಚು ಕಾಲ ಕಲ್ಲಿದ್ದಲು, ತೈಲ ಉರಿಸಿ ಶ್ರೀಮಂತವಾದ ದೇಶಗಳು ಪಾರಾಗುತ್ತವೆ. ಎರಡನ್ನೂ ಒಟ್ಟಿಗೆ ಹೇಳುವ ಕಷ್ಟವನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಿಮ್ಮ ಕಡೆಯ ಕಗ್ಗ ಭತ್ತದ ಮಾತನ್ನು ನೀವು ಎತ್ತಿರುವುದು ಸಂತೋಷದ ವಿಷಯ. ಉಪ್ಪನ್ನೂ ನೆರೆಯನ್ನೂ ತಡೆದುಕೊಂಡು ಆಳೆತ್ತರಕ್ಕೆ ಬೆಳೆಯುವ ಅಂಥ ತಳಿಗಳು ಗಜನಿಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸಂಪತ್ತು. ಬಾಂಗ್ಲಾದೇಶದ ಭತ್ತ ಸಂಶೋಧನಾ ಸಂಸ್ಥೆಯೂ ‘ಬ್ರಿ ಧಾನ್ 47’, ‘ಬ್ರಿ ಧಾನ್ 67’ ಎಂಬ ಉಪ್ಪು ತಡೆಯುವ ತಳಿಗಳನ್ನು ರೈತರಿಗೆ ಕೊಟ್ಟಿದೆ. ಇದಕ್ಕಿಂತಲೂ ಮುಖ್ಯವಾದದ್ದು ಖುಲ್ನಾ ಸೀಮೆಯ ಬೀಲ್ ಡಾಕಾತಿಯಾ ಎಂಬ ತಗ್ಗುಪ್ರದೇಶದ ಜನ ಮಾಡಿದ ಕೆಲಸ. ವರ್ಷಗಟ್ಟಲೆ ನೀರು ನಿಂತು ಕೊಳೆಯುತ್ತಿದ್ದ ತಮ್ಮ ತಗ್ಗಿನ ಒಡ್ಡನ್ನು 1990ರಲ್ಲಿ ಅವರೇ ಕಡಿದು, ಭರತದ ನೀರು ಹೂಳು ತಂದು ನೆಲವನ್ನು ಏರಿಸಲು ಬಿಟ್ಟರು. ಮುಂದೆ ಸರ್ಕಾರವೂ ಇಂಜಿನಿಯರುಗಳೂ ಅದೇ ವಿಧಾನವನ್ನು ಒಪ್ಪಿಕೊಂಡರು. ಹೂಳು ತುಂಬುವ ವರ್ಷಗಳಲ್ಲಿ ಗದ್ದೆ ಬಿಟ್ಟುಕೊಟ್ಟ ರೈತನಿಗೆ ಸರಿಯಾದ ಪರಿಹಾರ ಸಿಗದೆ ಹೋದ ಕಡೆಗಳಲ್ಲಿ ಮಾತ್ರ ಈ ಕೆಲಸ ಜಗಳದಲ್ಲಿ ನಿಂತಿದೆ.

ನೀರು, ಆಹಾರಕ್ಕಾಗಿ ಮುಂದೆ ಯುದ್ಧಗಳೇ ನಡೆಯುತ್ತವೆ ಎನ್ನುತ್ತಾರೆ. ಇದು ಎಷ್ಟು ನಿಜ? — ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ

ಬರ ಬಂದೊಡನೆ ಬಂದೂಕು ಹಿಡಿಯುತ್ತಾರೆ ಎಂಬ ಸರಳ ಸೂತ್ರವನ್ನು ಸಂಶೋಧನೆಗಳು ಬೆಂಬಲಿಸುವುದಿಲ್ಲ. ದೇಶದೊಳಗಿನ ಸಂಘರ್ಷಗಳ ಮೇಲೆ ಹವಾಮಾನದ ಪ್ರಭಾವ ಇದೆ, ಆದರೆ ದುರ್ಬಲ ಆಡಳಿತ, ಅಸಮಾನತೆ, ಹಳೆಯ ಹಗೆಗಳ ಪ್ರಭಾವ ಅದಕ್ಕಿಂತ ದೊಡ್ಡದು ಎಂಬುದು ಅಂತರ ಸರ್ಕಾರಿ ಸಮಿತಿಯ ನಿಲುವು. ಆಫ್ರಿಕಾದ ಚಾಡ್ ಸರೋವರವನ್ನು ಇದಕ್ಕೆ ಉದಾಹರಣೆಯಾಗಿ ಆಗಾಗ ಕೊಡುತ್ತಾರೆ. 1960ರ ದಶಕದಿಂದ 1980ರ ದಶಕದವರೆಗಿನ ಬರಗಾಲಗಳಲ್ಲಿ ಅದು ಸುಮಾರು ಶೇ 90ರಷ್ಟು ಕುಗ್ಗಿತ್ತು. ಆಮೇಲೆ ನೀರು ಒಂದಷ್ಟು ಮರಳಿದೆ. ನೈಜೀರಿಯಾದ ಉಗ್ರಗಾಮಿ ಸಂಘಟನೆ ಬೋಕೊ ಹರಾಂ ಬೆಳೆದದ್ದು ಈ ಚೇತರಿಕೆಯ ಅವಧಿಯಲ್ಲಿಯೇ ಆದ್ದರಿಂದ ಬತ್ತಿದ ಸರೋವರವೇ ಭಯೋತ್ಪಾದನೆಯನ್ನು ಹುಟ್ಟಿಸಿತು ಎನ್ನುವುದು ಅವಸರದ ಮಾತು. ಮಳೆಯ ನಂಬಿಕೆ ತಪ್ಪಿದ ನಾಡಿನಲ್ಲಿ, ಸರ್ಕಾರದ ಮುಖವನ್ನೇ ಕಾಣದ ಯುವಕರಿಗೆ, ಬಂದೂಕು ಹಿಡಿದವನು ಸಂಬಳ ಕೊಡುತ್ತೇನೆಂದಾಗ ಬೇಡವೆನ್ನುವುದು ಕಷ್ಟವಾಗುತ್ತದೆ ಎಂಬುದು ಮಾತ್ರ ದಿಟ.

‘ಹವಾಮಾನ ಯುದ್ಧ’ದ ಮಾತಿನಲ್ಲಿ ನನಗೆ ಕಾಣುವ ಅಪಾಯ ಇನ್ನೊಂದಿದೆ. ಹಾಗೆ ಮಾತನಾಡತೊಡಗಿದರೆ ಬರದಿಂದ ನೊಂದವನೇ ಬೆದರಿಕೆಯಾಗಿ ಕಾಣುತ್ತಾನೆ, ಪರಿಹಾರದ ಕೆಲಸ ಸೈನ್ಯದ ಕೈಗೆ ಹೋಗುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2007ರಲ್ಲಿ ಮೊದಲ ಬಾರಿಗೆ ಹವಾಮಾನವನ್ನು ಚರ್ಚಿಸಿತು. 2021ರ ಡಿಸೆಂಬರ್‌ನಲ್ಲಿ ಹವಾಮಾನವನ್ನು ಮಂಡಳಿಯ ಕೆಲಸದೊಳಗೆ ತರಲು ಐರ್ಲೆಂಡ್ ಮತ್ತು ನೈಜರ್ ಮಂಡಿಸಿದ ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿತು, ಭಾರತವೂ ವಿರುದ್ಧವಾಗಿ ಮತ ಹಾಕಿತು. ಈ ವಿಷಯ ಎಲ್ಲ ದೇಶಗಳೂ ಸಮಾನವಾಗಿ ಕೂರುವ ಹವಾಮಾನ ಒಪ್ಪಂದದ ವೇದಿಕೆಗೆ ಸೇರಿದ್ದು ಎಂಬುದು ಭಾರತದ ವಾದವಾಗಿತ್ತು. ಆ ವಾದದಲ್ಲಿ ಹುರುಳಿದೆ. ಆದರೆ ಬರಪೀಡಿತ ನೈಜರ್ ದೇಶವೇ ಮಂಡಳಿಯ ಬಾಗಿಲು ತಟ್ಟಿದ್ದನ್ನೂ ಮರೆಯಬಾರದು.

ನಮ್ಮ ಭಾಗದಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಅವರೂ ಹವಾಮಾನ ವಲಸಿಗರೇ? — ರಾಯಚೂರಿನ ಓದುಗರು

ಗುಳೆಗೆ ಹವಾಮಾನ ಬದಲಾವಣೆಗಿಂತ ಹಳೆಯ ಚರಿತ್ರೆಯಿದೆ. ಜಮೀನಿನ ಹಂಚಿಕೆ, ನೀರಾವರಿ ತಲುಪದ ಊರುಗಳು, ಕೂಲಿಯ ದರ, ಸಾಲ ಇವೆಲ್ಲ ಅದರ ಬೇರುಗಳು. ಆದರೆ ಮಳೆಯ ಏರುಪೇರು ಹೆಚ್ಚಿದಂತೆ ಗುಳೆ ಹೋಗುವುದೋ ಬೇಡವೋ ಎಂದು ಯೋಚಿಸುವ ಅವಕಾಶ ಕಡಿಮೆಯಾಗುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ತೊಗರಿ, ಹತ್ತಿ ಕೈಕೊಟ್ಟ ಮನೆಯವರು ಬೀಗ ಹಾಕಿ ಮಕ್ಕಳೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸದ ತಗಡಿನ ಶೆಡ್ಡಿಗೆ ಬಂದರೆ ಅದರಲ್ಲಿ ಎಷ್ಟು ಪಾಲು ಹವಾಮಾನದ್ದು ಎಂದು ಬೇರ್ಪಡಿಸಿ ತೂಗುವುದು ಆಗದ ಕೆಲಸ. ಕೇಳಬೇಕಾದದ್ದು ಬೇರೆ: ಬಂದ ಊರಿನಲ್ಲಿ ಅವರಿಗೆ ಪಡಿತರ, ಕುಡಿಯುವ ನೀರು, ಮಗುವಿಗೆ ಶಾಲೆ, ಗರ್ಭಿಣಿಗೆ ಅಂಗನವಾಡಿ ಸಿಗುತ್ತದೆಯೇ?

ವಿಶ್ವಬ್ಯಾಂಕ್ 2021ರಲ್ಲಿ ಅಂದಾಜಿಸಿದಂತೆ 2050ರ ವೇಳೆಗೆ ಜಗತ್ತಿನ ಆರು ಪ್ರದೇಶಗಳಲ್ಲಿ 21.6 ಕೋಟಿಯವರೆಗೆ ಜನ ತಮ್ಮ ದೇಶದೊಳಗೇ ಹೀಗೆ ನೆಲೆ ಬದಲಿಸಬೇಕಾಗಬಹುದು. ಮಾಲಿನ್ಯವನ್ನು ಬೇಗ ತಗ್ಗಿಸಿ ಅಭಿವೃದ್ಧಿಯನ್ನು ಎಲ್ಲರಿಗೂ ಹಂಚಿದರೆ ಈ ಸಂಖ್ಯೆಯಲ್ಲಿ ಶೇ 80ರಷ್ಟನ್ನು ತಗ್ಗಿಸಬಹುದು ಎಂದೂ ಅದೇ ವರದಿ ಹೇಳುತ್ತದೆ. ಮೊದಲ ಅಂಕಿ ಎಲ್ಲ ಕಡೆ ಕೇಳಿಸುತ್ತದೆ, ಎರಡನೆಯದು ಅಪರೂಪಕ್ಕೆ.

ದೇಶವೇ ಮುಳುಗಿದರೆ ಅಲ್ಲಿನ ಜನರಿಗೆ ಬೇರೆ ದೇಶ ಆಶ್ರಯ ಕೊಡಲೇಬೇಕೆಂಬ ಕಾನೂನು ಇದೆಯೇ? — ಟೊರಾಂಟೊದಲ್ಲಿರುವ ಕನ್ನಡಿಗ ಓದುಗರು

ಇಲ್ಲ. 1951ರ ನಿರಾಶ್ರಿತರ ಒಪ್ಪಂದ ಜನಾಂಗ, ಧರ್ಮ, ರಾಜಕೀಯ ನಿಲುವು ಮುಂತಾದ ಕಾರಣಗಳಿಗೆ ಕಿರುಕುಳಕ್ಕೊಳಗಾದವರಿಗೆ ಮಾತ್ರ ಅನ್ವಯಿಸುತ್ತದೆ. ಶಾಂತಸಾಗರದ ಕಿರಿಬಾಟಿ ದೇಶದ ಪ್ರಜೆಯೊಬ್ಬರು ನ್ಯೂಜಿಲೆಂಡ್‌ನಲ್ಲಿ ಆಶ್ರಯ ಕೋರಿ ಸೋತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರಿತ್ತಿದ್ದರು. 2020ರ ಜನವರಿಯಲ್ಲಿ ಬೆಳಕಿಗೆ ಬಂದ ತೀರ್ಮಾನದಲ್ಲಿ ಸಮಿತಿ ಅವರ ದೂರನ್ನು ಎತ್ತಿಹಿಡಿಯಲಿಲ್ಲ. ಆದರೆ ಹವಾಮಾನ ಬದಲಾವಣೆಯಿಂದ ಜೀವಕ್ಕೆ ಅಪಾಯವಿರುವ ಕಡೆಗೆ ಒಬ್ಬರನ್ನು ಮರಳಿ ಕಳುಹಿಸುವುದು ಹಕ್ಕಿನ ಉಲ್ಲಂಘನೆಯಾಗಬಹುದು ಎಂಬ ತತ್ವವನ್ನು ಒಪ್ಪಿಕೊಂಡಿತು. ಬಾಗಿಲು ತೆರೆದಿಲ್ಲ, ಚಿಲಕ ಸಡಿಲವಾಗಿದೆ ಎನ್ನಬಹುದು.

ಇದಕ್ಕೆಲ್ಲ ಹಣ ಕೊಡುವವರು ಯಾರು? — ಶಿವಮೊಗ್ಗದ ಓದುಗರು

ಬಡ ದೇಶಗಳು ಹವಾಮಾನ ಬದಲಾವಣೆಯನ್ನು ಎದುರಿಸಲು ಶ್ರೀಮಂತ ದೇಶಗಳು 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ 2009ರಲ್ಲಿ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟವು. ಆ ಮೊತ್ತ ಮೊದಲ ಬಾರಿ ಮುಟ್ಟಿದ್ದು 2022ರಲ್ಲಿ, ಅದೂ ಬಹುಮಟ್ಟಿಗೆ ಸಾಲದ ರೂಪದಲ್ಲಿ. 2022ರ ನೆರೆಯಲ್ಲಿ ಪಾಕಿಸ್ತಾನದ 3.3 ಕೋಟಿ ಜನ ತೊಂದರೆಗೆ ಸಿಲುಕಿ, 1,700ಕ್ಕೂ ಹೆಚ್ಚು ಜನ ಸತ್ತು, 3,000 ಕೋಟಿ ಡಾಲರಿಗೂ ಹೆಚ್ಚು ನಷ್ಟವಾದಾಗ ಜಿನೀವಾ ಸಮಾವೇಶದಲ್ಲಿ ಘೋಷಣೆಯಾದ 900 ಕೋಟಿ ಡಾಲರಿನಲ್ಲಿಯೂ ಬಹುಪಾಲು ಸಾಲವೇ. ತಾವು ಉಂಟುಮಾಡದ ಹಾನಿಗೆ ಬಡ್ಡಿ ಕಟ್ಟಬೇಕಾದ ಈ ಸ್ಥಿತಿ ನ್ಯಾಯವೆಂದು ಯಾರೂ ಸಮರ್ಥಿಸಲಾರರು.

ಈ ಅನ್ಯಾಯದ ವಿರುದ್ಧ ದಶಕಗಳ ಕಾಲ ವಾದಿಸಿದವರಲ್ಲಿ ಬಾಂಗ್ಲಾದೇಶದ ವಿಜ್ಞಾನಿ ಸಲೀಮುಲ್ ಹಕ್ ಪ್ರಮುಖರು. ಹವಾಮಾನ ಬದಲಾವಣೆಯಿಂದ ನೊಂದ ಬಡ ದೇಶಗಳಿಗೆ ನೆರವಾಗುವ ‘ನಷ್ಟ ಮತ್ತು ಹಾನಿಯ ನಿಧಿ’ಯನ್ನು 2022ರಲ್ಲಿ ಈಜಿಪ್ಟ್‌ನ ಶರ್ಮ್ ಅಲ್ ಶೇಖ್‌ನಲ್ಲಿ ನಡೆದ ಹವಾಮಾನ ಸಮ್ಮೇಳನ ಒಪ್ಪಿಕೊಂಡದ್ದನ್ನು ಅವರು ಕಂಡರು. 2023ರ ಕೊನೆಯಲ್ಲಿ ದುಬೈನಲ್ಲಿ ಅದು ಚಾಲನೆ ಪಡೆಯುವ ಮೊದಲೇ, ಅಕ್ಟೋಬರ್‌ನಲ್ಲಿ, ತೀರಿಕೊಂಡರು. ನಿಧಿಗೆ ಈವರೆಗೆ ಘೋಷಣೆಯಾಗಿರುವ ಹಣ ಅಗತ್ಯದ ಮುಂದೆ ತೀರಾ ಅಲ್ಪ. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಸಲಹಾ ಅಭಿಪ್ರಾಯ ನೀಡಿರುವುದರಿಂದ ಬಡ ದೇಶಗಳ ವಾದಕ್ಕೆ ಬಲ ಬಂದಿದೆ.

ಸದ್ಯಕ್ಕೆ ಹಣ ಕೊಡುತ್ತಿರುವವರು ಯಾರು ಎಂಬುದು ನಿಮ್ಮ ಪ್ರಶ್ನೆಯಾದರೆ, ಆ ಊರುಗಳ ಜನರೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಬಾಂಗ್ಲಾದೇಶದ ಗ್ರಾಮೀಣ ಕುಟುಂಬಗಳು ಮನೆಯ ಅಡಿಪಾಯ ಏರಿಸಲು, ಮುರಿದ ಸೂರು ಕಟ್ಟಲು, ನೆರೆ ಗಾಳಿಗಳ ನಷ್ಟ ತುಂಬಿಕೊಳ್ಳಲು ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಖರ್ಚು ಮಾಡುತ್ತವೆ. ಇದು ಇದೇ ಕೆಲಸಕ್ಕೆ ಸರ್ಕಾರ ಕೊಡುವ ಹಣಕ್ಕಿಂತಲೂ ಹೊರದೇಶಗಳಿಂದ ಬರುವ ನೆರವಿಗಿಂತಲೂ ಹೆಚ್ಚು. ಊಟ, ಔಷಧ, ಮಕ್ಕಳ ಓದಿಗೆಂದು ಇಟ್ಟದ್ದನ್ನು ತೆಗೆದು, ಸಾಲದಾತರಿಂದ ಬಡ್ಡಿಗೆ ತಂದು ಅವರು ಇದನ್ನು ಭರಿಸುತ್ತಾರೆ. ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಯಾವ ದೇಶ ಎಷ್ಟು ಕೊಟ್ಟಿತು ಎಂದು ಲೆಕ್ಕ ಹಾಕುವ ಪಟ್ಟಿಗಳಲ್ಲಿ ದಾಕೋಪ್‌ನ ಮನೆಗಳು ಕೊಟ್ಟ ಈ ಹಣವೂ ನಮೂದಾಗಬೇಕು.